ಚುಕ್ಕಿಯ ಹಿಂದೆ ಅಡಗಿದ್ದ ಊರುಗಳು

ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಯಾರೋ ಹಾಕಿದ ವಿಡಿಯೊವನ್ನು ಅವರನ್ನು ಕೇಳದೆ ಉಳಿಸಿಕೊಳ್ಳುವ ವಿದ್ಯೆ ನಮ್ಮ ಕಡೆಯ ಹುಡುಗರಿಗೆಲ್ಲ ಗೊತ್ತು. ಫೋನಿನ ಫೈಲ್ ಮ್ಯಾನೇಜರ್ ತೆಗೆಯಬೇಕು, ಅಡಗಿಸಿದ ಫೈಲುಗಳನ್ನು ತೋರಿಸು ಅನ್ನುವ ಸೆಟ್ಟಿಂಗ್ ಒತ್ತಬೇಕು. ಆಗ ವಾಟ್ಸ್‌ಆ್ಯಪ್‌ನ ಮೀಡಿಯಾ ಫೋಲ್ಡರಿನಲ್ಲಿ ಅದುವರೆಗೆ ಕಾಣದಿದ್ದ 'ಸ್ಟೇಟಸಸ್' ಎಂಬ ಫೋಲ್ಡರ್ ಎದ್ದು ಬರುತ್ತದೆ. ನೀವು ನೋಡಿದ ಸ್ಟೇಟಸ್‌ಗಳು ಅದರೊಳಗಿರುತ್ತವೆ. ಆ ಫೋಲ್ಡರಿನ ಹೆಸರನ್ನು ಸರಿಯಾಗಿ ನೋಡಿ, ಮುಂದೆ ಒಂದು ಚುಕ್ಕಿ ಇದೆ. ಅದನ್ನು ಅಡಗಿಸಿಟ್ಟಿರುವುದು ಆ ಚುಕ್ಕಿಯೇ. ಬೀಗವೂ ಇಲ್ಲ, ಪಾಸ್‌ವರ್ಡೂ ಇಲ್ಲ.

ಈ ಚುಕ್ಕಿ ಫೋನಿಗಿಂತ ಬಹಳ ಹಳೆಯದು. ಆಂಡ್ರಾಯ್ಡ್ ಫೋನಿನ ಬುಡದಲ್ಲಿ ಓಡುವುದು ಲಿನಕ್ಸ್. ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಅದನ್ನು ಹೊರಗೆ ತಂದಾಗ ಅವನಿಗೆ ಮಾದರಿಯಾಗಿದ್ದದ್ದು ಅದಕ್ಕೂ ಇಪ್ಪತ್ತು ವರ್ಷ ಹಿಂದಿನ ಯೂನಿಕ್ಸ್. ಯೂನಿಕ್ಸ್ ಕಟ್ಟಿದವರ ಜೊತೆ ಕೆಲಸ ಮಾಡಿದ ರಾಬ್ ಪೈಕ್ 2012ರಲ್ಲಿ ಈ ಚುಕ್ಕಿಯ ಕಥೆ ಬರೆದರು. ಪ್ರತಿ ಫೋಲ್ಡರಿನಲ್ಲೂ ಓಡಾಟ ಸುಲಭವಾಗಲೆಂದು ಒಂದು ಚುಕ್ಕಿಯ ಹೆಸರು, ಎರಡು ಚುಕ್ಕಿಯ ಹೆಸರು ಇರುತ್ತಿದ್ದವಂತೆ. ಪಟ್ಟಿ ತೋರಿಸುವಾಗ ಅವು ಅಡ್ಡ ಬರಬಾರದೆಂದು ಯಾರೋ ಒಂದು ಸಣ್ಣ ಪರೀಕ್ಷೆ ಸೇರಿಸಿದರು. ಪೂರ್ತಿ ಹೆಸರು ನೋಡುವ ಬದಲು ಮೊದಲ ಅಕ್ಷರ ಚುಕ್ಕಿಯೇ ಎಂದಷ್ಟೇ ನೋಡಿ ಸುಮ್ಮನಾದರು. ಅಲ್ಲಿಂದಾಚೆಗೆ ಚುಕ್ಕಿಯಿಂದ ಶುರುವಾಗುವ ಹೆಸರೆಲ್ಲ ಮರೆಗೆ ಹೋಯಿತು. ಸೋಮಾರಿತನದಲ್ಲಿ ಹುಟ್ಟಿದ ಪದ್ಧತಿ ಇವತ್ತಿಗೂ ನಮ್ಮ ಜೇಬಿನಲ್ಲಿ ಓಡಾಡುತ್ತಿದೆ.

ಲಿನಕ್ಸ್ ಕಂಪ್ಯೂಟರಿನಲ್ಲಿ ಇಂಥ ಚುಕ್ಕಿ ಫೈಲುಗಳ ಒಳಗೆ ಇರುವುದು ಸ್ಟೇಟಸ್ ಅಲ್ಲ, ನಮ್ಮ ಅಭ್ಯಾಸಗಳು. ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಕನ್ನಡ ಫಾಂಟ್ ಮೊದಲು ಬರಬೇಕು, ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಮೂಡಬೇಕು, ಯಾವ ಪದಕ್ಕೆ ಕೆಂಪು ಗೆರೆ ಎಳೆಯಬಾರದು, ಎಲ್ಲ. ಹೊಸ ಫೋನ್ ತಗೊಂಡ ಮೊದಲ ವಾರ ನೆನಪಿಸಿಕೊಳ್ಳಿ. ಹಳೆಯ ಫೋನಿನ ಕೀಬೋರ್ಡು ನಿಮ್ಮ ಅತ್ತೆ ಮಕ್ಕಳ ಹೆಸರನ್ನೂ ಅರ್ಧ ಒತ್ತುವುದರೊಳಗೆ ಬರೆಯುತ್ತಿತ್ತು. ಹೊಸದು ನಿಮ್ಮೂರಿನ ಹೆಸರನ್ನೇ ತಪ್ಪು ಬರೆಯುತ್ತದೆ. ದುಡ್ಡು ಕೊಟ್ಟು ತಂದದ್ದು ಫೋನನ್ನು ಮಾತ್ರ. ಆ ಕಲಿಕೆ ನೀವು ವರ್ಷಗಟ್ಟಲೆ ಒತ್ತಿ ಒತ್ತಿ ಮಾಡಿದ್ದು.

ಇದು ನನಗೆ ಪೂರ್ತಿ ಅರ್ಥವಾದದ್ದು ಕನಕಪುರದ ಒಂದು ಡಿಟಿಪಿ ಅಂಗಡಿ ಮುಚ್ಚಿದಾಗ.

ಅಂಗಡಿ ನಡೆಸುತ್ತಿದ್ದವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದುದು. ಪತ್ರಿಕೋದ್ಯಮ ಓದುವಾಗ ನಾವು ಅಭ್ಯಾಸಕ್ಕೆಂದು ತರುತ್ತಿದ್ದ ನಾಲ್ಕು ಪುಟದ ಪತ್ರಿಕೆಯ ಪುಟ ಕಟ್ಟಿಕೊಡುತ್ತಿದ್ದುದು ಅವರೇ. ಅದರಿಂದ ಅವರಿಗೆ ಏನೂ ಗಿಟ್ಟುತ್ತಿರಲಿಲ್ಲ. ಅವರ ಹೊಟ್ಟೆಪಾಡು ಅರ್ಜಿಗಳದು. ವೃದ್ಧಾಪ್ಯ ವೇತನ, ವಿಧವಾ ವೇತನ, ಪೌತಿ ಖಾತೆ, ಜಮೀನು ತಕರಾರು, ಬೋರ್‌ವೆಲ್‌ಗೆ ಕರೆಂಟು, ಆಮೇಲೆ ಲಗ್ನಪತ್ರಿಕೆ, ತಿಥಿ ಕಾರ್ಡು. ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿ ಕಡೆಯಿಂದ ಬಸ್ಸಿಳಿದು ತಾಲ್ಲೂಕು ಕಚೇರಿಗೆ ಹೋಗುವ ಮುಂಚೆ ಅವರಲ್ಲಿ ಅರ್ಜಿ ಬರೆಸಿಕೊಂಡು ಹೋಗುವವರು ಬಹಳ ಜನ ಇದ್ದರು.

ಅವರ ಕಂಪ್ಯೂಟರು ಹಳೆಯದು. ವೈರಸ್ ಹೊಕ್ಕು ಮೂರು ಸಲ ಎಲ್ಲ ಅಳಿಸಿ ಹಾಕಿಸಿದ ಮೇಲೆ ಬೇಸತ್ತು, ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮಗನ ಕೈಲಿ ಲಿನಕ್ಸ್ ಹಾಕಿಸಿದ್ದರು. ಮೊದಲು ಅವರಿಗಿದ್ದ ಭಯ ಒಂದೇ, ನುಡಿ ಕೀಲಿಮಣೆ ಸಿಗುತ್ತದೋ ಇಲ್ಲವೋ. ಸಿಗುತ್ತದೆ. ಕೆ.ಪಿ. ರಾವ್ ಅವರು ಕನ್ನಡಕ್ಕೆಂದು ರೂಪಿಸಿದ ಕೀಲಿಮಣೆಯ ಜಾಡಿನಲ್ಲೇ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಅದೇ ವಿನ್ಯಾಸ ಲಿನಕ್ಸಿನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿದೆ. ಕನಕಪುರ ಎಂದು ಬರೆಯಲು ಕೆ, ಎನ್, ಕೆ, ಪಿ, ಯು, ಆರ್ ಒತ್ತಿದರೆ ಮುಗಿಯಿತು, ಆರೇ ಒತ್ತು. ಬೆರಳಿಗೆ ಹತ್ತಿದ ಈ ಲೆಕ್ಕವನ್ನು ಯಾರಿಂದಲೂ ಬದಲಾಯಿಸಲು ಆಗದು. ನುಡಿಯ ಹಳೆಯ ಫಾಂಟಿನ ಜಾಗದಲ್ಲಿ ಯೂನಿಕೋಡ್ ಬಂತು ಅನ್ನುವುದು ಬಿಟ್ಟರೆ ಅಕ್ಕನಿಗೆ ಬೇರೇನೂ ಹೊಸದಾಗಿ ಕಾಣಲಿಲ್ಲ.

ಬರೆಯುತ್ತಿದ್ದುದು ಲಿಬ್ರೆಆಫೀಸಿನಲ್ಲಿ. ಅದರಲ್ಲಿ ತಾನೇ ತಿದ್ದುವ ಸೌಲಭ್ಯವೊಂದಿದೆ. 'ತಹ' ಎಂದು ಹೊಡೆದು ಜಾಗ ಬಿಟ್ಟರೆ 'ಮಾನ್ಯ ತಹಶೀಲ್ದಾರರು, ಕನಕಪುರ ತಾಲ್ಲೂಕು' ಎಂದು ಪೂರ್ತಿ ಮೂಡುವ ಹಾಗೆ ಹೇಳಿಕೊಡಬಹುದು. ಅಕ್ಕ ಹತ್ತು ವರ್ಷದಲ್ಲಿ ಇಂಥವನ್ನು ಸಾವಿರಕ್ಕೂ ಮೇಲೆ ಹೇಳಿಕೊಟ್ಟಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಊರಿನ ಹೆಸರುಗಳು.

ಊರಿನ ಹೆಸರಲ್ಲೇನಿದೆ ಅಂತೀರಾ? ಅರ್ಜಿ ವಾಪಸ್ ಬಂದವರನ್ನು ಕೇಳಿ. ನಮ್ಮ ತಾಲ್ಲೂಕಿನಲ್ಲಿ 'ದೊಡ್ಡಿ' ಎಂದು ಮುಗಿಯುವ ಊರುಗಳಿಗೆ ಲೆಕ್ಕವಿಲ್ಲ. ಒಂದು ಕಾಲಕ್ಕೆ ದನ ಕೂಡುತ್ತಿದ್ದ ಜಾಗ, ಆಮೇಲೆ ನಾಲ್ಕು ಮನೆ, ಈಗ ಊರು. ಬಾಯಲ್ಲಿ ಗೌಡನದೊಡ್ಡಿ, ರೇಷನ್ ಕಾರ್ಡಿನಲ್ಲಿ ಗೌಡರದೊಡ್ಡಿ, ಪಹಣಿಯಲ್ಲಿ ಗೌಡಯ್ಯನದೊಡ್ಡಿ, ಈ ಥರ. ದೊಡ್ಡಾಲಹಳ್ಳಿ ಅನ್ನುವುದನ್ನೇ ದೊಡ್ಡಆಲಹಳ್ಳಿ ಎಂದು ಬರೆಯುವವರಿದ್ದಾರೆ. ಜನರಾದರೆ ಎರಡನ್ನೂ ಒಂದೇ ಅಂತ ಓದುತ್ತಾರೆ. ಕಂಪ್ಯೂಟರು ಹಾಗೆ ಓದುವುದಿಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ, ಆಧಾರ್ ಬಂದು ಬ್ಯಾಂಕ್ ಖಾತೆಗೆ ಜೋಡಣೆಯಾದ ಮೇಲೆ, ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ವೃದ್ಧಾಪ್ಯ ವೇತನ ನಿಂತುಹೋಗುವುದನ್ನು ನೀವೇ ನೋಡಿದ್ದೀರಿ. ಅಜ್ಜಿ ಬಸ್ ಚಾರ್ಜು ಕೊಟ್ಟುಕೊಂಡು ನಾಲ್ಕು ಸಲ ಓಡಾಡಬೇಕು.

ಅಕ್ಕ ಪ್ರತಿ ಸಲವೂ ಬಂದವರ ಪಹಣಿಯನ್ನೋ ಆಧಾರ್ ಕಾರ್ಡನ್ನೋ ಕೇಳಿ, ಊರಿನ ಹೆಸರು ದಾಖಲೆಯಲ್ಲಿ ಹೇಗಿದೆಯೋ ಹಾಗೇ ಒಂದು ಸಲ ಹೇಳಿಕೊಟ್ಟು ಇಟ್ಟುಬಿಡುತ್ತಿದ್ದರು. ಮುಂದಿನ ಸಲ ಆ ಊರಿನವರು ಬಂದಾಗ ಎರಡು ಅಕ್ಷರ ಹೊಡೆದರೆ ಸಾಕು, ಸರಿಯಾದ ಹೆಸರು. ಅವರಲ್ಲಿ ಬರೆಸಿದ ಅರ್ಜಿ ಹೆಸರಿನ ಕಾರಣಕ್ಕೆ ವಾಪಸ್ ಬರುವುದಿಲ್ಲ ಅನ್ನುವ ಮಾತು ಹುಟ್ಟಿದ್ದು ಹೀಗೆ. ಜನ ಅದನ್ನು ಅಕ್ಕನ ಕೈಗುಣ ಅಂತಿದ್ದರು.

ಕೊರೋನಾ ಆದ ಮೇಲೆ ಅಂಗಡಿ ಬಾಡಿಗೆ ಹೊಂದಿಸುವುದು ಕಷ್ಟವಾಯಿತು. ಅರ್ಜಿಗಳೂ ಒಂದೊಂದಾಗಿ ಆನ್‌ಲೈನ್ ಆದವು. ಮುಚ್ಚುವುದು ಅಂತಾಯಿತು. ಕಂಪ್ಯೂಟರನ್ನು ಗುಜರಿಯವನಿಗೆ ಮಾತಾಡಿಯಾಗಿತ್ತು. ನಾನು ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಹೋದೆ.

"ಅಕ್ಕ, ಇರೋದ್ನೆಲ್ಲ ಕಾಪಿ ಮಾಡ್ಕೊಂಡ್ರಾ?"

"ಆಯ್ತು ಕಣಪ್ಪ. ಡಾಕ್ಯುಮೆಂಟ್ಸು, ಫೋಟೊ, ಡಿಸೈನ್ ಎಲ್ಲಾ ಹಾಕ್ಕೊಂಡೆ. ಇನ್ನೇನಿದೆ ಅದ್ರಲ್ಲಿ, ಬರೀ ಡಬ್ಬ."

"ಆ 'ತಹ' ಹೊಡುದ್ರೆ ಪೂರ್ತಿ ಬತ್ತಿತ್ತಲ್ಲ, ಅದು?"

ಅಕ್ಕ ಒಂದು ಗಳಿಗೆ ಸುಮ್ಮನಾದರು. "ಅದು ಎಲ್ಲಿರ್ತದೋ ಯಾರಿಗ್ಗೊತ್ತು. ಕಂಪ್ಯೂಟ್ರು ಒಳಗೇ ಇರ್ತದೆ ಅನ್ಕಂಡಿದ್ದೆ."

ಒಳಗೇ ಇತ್ತು, ಚುಕ್ಕಿಯ ಹಿಂದೆ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಹಿಡಿದು ಎಚ್ ಒತ್ತಿದೆ. ಖಾಲಿ ಕಾಣುತ್ತಿದ್ದ ಜಾಗದಲ್ಲಿ ಹತ್ತಿಪ್ಪತ್ತು ಹೆಸರು ಮೂಡಿದವು. 'ಕಾನ್ಫಿಗ್' ಎಂಬ ಚುಕ್ಕಿ ಫೋಲ್ಡರ್, ಅದರೊಳಗೆ ಲಿಬ್ರೆಆಫೀಸ್, ಅದರೊಳಗೆ 4, ಅದರೊಳಗೆ ಯೂಸರ್. ಅಲ್ಲಿ ನಮಗೆ ಬೇಕಾದವು ಎರಡೇ. 'ಆಟೊಕರ್' ಅನ್ನುವ ಫೋಲ್ಡರಿನಲ್ಲಿ ಕನ್ನಡದ ತಿದ್ದುಪಟ್ಟಿ, 'ವರ್ಡ್‌ಬುಕ್' ಅನ್ನುವುದರಲ್ಲಿ ಅಕ್ಕ ಸೇರಿಸಿದ ಪದಗಳ ಕೋಶ. ಎರಡೂ ಸೇರಿ ಒಂದು ಮೊಬೈಲ್ ಫೋಟೊದಷ್ಟೂ ತೂಕವಿಲ್ಲ. ಹತ್ತು ವರ್ಷದ ಕೈಗುಣ.

ಪದಕೋಶ ಸಾದಾ ಅಕ್ಷರದ ಫೈಲು, ಸಾಲಿಗೊಂದು ಪದ. ಯಾವ ಕಂಪ್ಯೂಟರಿನಲ್ಲಾದರೂ ತೆರೆದು ಓದಬಹುದು. ತಿದ್ದುಪಟ್ಟಿ ಮಾತ್ರ ಜಿಪ್ ಗಂಟು. ಬಿಚ್ಚಿದರೆ ಒಳಗೆ ಪಟ್ಟಿ ಸಿಗುತ್ತದೆ, ಎಡಕ್ಕೆ ಚುಟುಕು, ಬಲಕ್ಕೆ ಪೂರ್ತಿ. ಇಬ್ಬರೂ ಕೂತು ಅದನ್ನು ಓದುತ್ತಾ ಹೋದೆವು. ಅಚ್ಚಲು, ತುಂಗಣಿ, ಹುಣಸನಹಳ್ಳಿ, ಚಿಕ್ಕಮುದವಾಡಿ, ಟಿ. ಬೇಕುಪ್ಪೆ. ಅಕ್ಕ ಒಂದೊಂದು ಊರಿಗೂ ಒಂದೊಂದು ನೆನಪು ಹೇಳುತ್ತಿದ್ದರು, ಈ ಊರಿನವರು ದುಡ್ಡು ಕೊಡದೆ ಹಲಸಿನ ಹಣ್ಣು ತಂದುಕೊಟ್ಟಿದ್ದರು, ಆ ಊರಿನವನು ಮೂರು ತಲೆಮಾರಿನ ಪೌತಿ ಖಾತೆ ಒಂದೇ ದಿನ ಬರೆಸಿದ್ದ ಅಂತ.

ಅರ್ಧ ದಾರಿಯಲ್ಲಿ ಅವರ ಮುಖ ಬದಲಾಯಿತು. ಪಟ್ಟಿಯಲ್ಲಿ ಊರಿನ ಜೊತೆಗೆ ಜನರೂ ಇದ್ದರು. ಪದೇ ಪದೇ ಬರುವವರ ಪೂರ್ತಿ ಹೆಸರು, ತಂದೆಯ ಹೆಸರು, ಮನೆ ನಂಬರು, ಕೆಲವರದು ಫೋನ್ ನಂಬರು, ಇನ್ನು ಕೆಲವರದು ಆಧಾರ್ ನಂಬರು. ಎರಡಕ್ಷರ ಹೊಡೆದರೆ ಅಷ್ಟೂ ಬರುವ ಹಾಗೆ ಅಕ್ಕನೇ ಅನುಕೂಲಕ್ಕೆ ಮಾಡಿಕೊಂಡದ್ದು. ಗುಜರಿಯವನಿಗೆ ಹೋಗುತ್ತಿದ್ದ ಡಬ್ಬದಲ್ಲಿ ಅದೆಲ್ಲ ಇತ್ತು.

"ಊರಿನ ಹೆಸ್ರು ತಗೊ. ಜನ್ರ ಹೆಸ್ರು ಒಂದೂ ಬ್ಯಾಡ. ನಂಬ್ಕೊಂಡು ಹೇಳಿರ್ತಾರೆ," ಅಂದರು.

ಆ ದಿನ ಸಂಜೆಯವರೆಗೂ ಕೂತು ಜನರ ಸಾಲುಗಳನ್ನು ಒಂದೊಂದಾಗಿ ತೆಗೆದೆವು. ಆಮೇಲೆ ಡಿಸ್ಕಿನ ಮೇಲೆ ಪೂರ್ತಿ ಸೊನ್ನೆ ಬರೆಯಿಸಿ ಅಳಿಸಿ, ಆಮೇಲೆ ಗುಜರಿಗೆ ಕೊಟ್ಟದ್ದು. ಸುಮ್ಮನೆ ಡಿಲೀಟ್ ಮಾಡಿದರೆ ಸಾಲದು. ಪುಸ್ತಕದ ಪರಿವಿಡಿ ಹರಿದು ಹಾಕಿದರೆ ಒಳಗಿನ ಪುಟ ಹಾಗೇ ಇರುವುದಿಲ್ಲವೇ, ಅಷ್ಟೇ ಆಗುವುದು.

ವರದಿ ಬರೆಯುವ ನಮ್ಮಂಥವರಿಗೆ ಇದರಲ್ಲಿ ಇನ್ನೂ ಒಂದು ಮಾತಿದೆ. ಚುಕ್ಕಿ ಫೈಲುಗಳಲ್ಲಿ ಅಭ್ಯಾಸ ಮಾತ್ರವಲ್ಲ, ಹೆಜ್ಜೆ ಗುರುತೂ ಇರುತ್ತದೆ. ಇತ್ತೀಚೆಗೆ ಯಾವ ಯಾವ ಫೈಲು ತೆರೆದಿರಿ ಎಂಬ ಪಟ್ಟಿ ಒಂದು ಕಡೆ. ಟರ್ಮಿನಲ್‌ನಲ್ಲಿ ಏನೇನು ಆಜ್ಞೆ ಕೊಟ್ಟಿರಿ ಎಂಬುದು ಇನ್ನೊಂದು ಕಡೆ. ಫೈರ್‌ಫಾಕ್ಸ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಮತ್ತೊಂದು ಕಡೆ. ಅರ್ಕಾವತಿಯ ಮರಳಿನ ಬಗ್ಗೆಯೋ ಕಲ್ಲು ಕ್ವಾರಿಯ ಬಗ್ಗೆಯೋ ಒಬ್ಬರು ಹೆಸರು ಹೇಳಬೇಡಿ ಎಂದು ಮಾತಾಡಿರುತ್ತಾರೆ. ಅವರ ಹೆಸರಿನಲ್ಲೇ ನೀವು ರೆಕಾರ್ಡಿಂಗ್ ಉಳಿಸಿದ್ದರೆ, ಆ ರೆಕಾರ್ಡಿಂಗ್ ಅಳಿಸಿದ ಮೇಲೂ ಇತ್ತೀಚಿನ ಫೈಲುಗಳ ಪಟ್ಟಿಯಲ್ಲಿ ಹೆಸರು ಕೂತಿರಬಹುದು. ರಿಪೇರಿಗೆ ಕೊಡುವ ಮುಂಚೆ ಈ ಮೂರನ್ನು ಒಮ್ಮೆ ನೋಡಿ. ಪತ್ರಿಕೋದ್ಯಮ ತರಗತಿಯಲ್ಲಿ ಸುದ್ದಿಮೂಲವನ್ನು ಕಾಪಾಡಬೇಕು ಎಂದು ಹೇಳಿಕೊಟ್ಟಾಗ ಯಾರೂ ಚುಕ್ಕಿಯ ಮಾತು ಎತ್ತಿರಲಿಲ್ಲ.

ಈಗ ನಾನು ಇವನ್ನು ಹೇಗೆ ಇಟ್ಟುಕೊಂಡಿದ್ದೇನೆ ಅಂತ ಹೇಳುತ್ತೇನೆ. ನನ್ನದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು. ಅದು ಯಾವಾಗ ಬೇಕಾದರೂ ಕೈಕೊಡಬಹುದು, ಅದರ ಮೇಲೆ ನನಗೇನೂ ಮೋಹವಿಲ್ಲ. ಮನೆ ಫೋಲ್ಡರಿನಲ್ಲಿ 'ಸಂಚಿ' ಎಂಬ ಹೆಸರಿನ ಫೋಲ್ಡರ್ ಮಾಡಿದ್ದೇನೆ. ಬೇಕಾದ ಚುಕ್ಕಿ ಫೈಲುಗಳ ಅಸಲಿ ಪ್ರತಿ ಇರುವುದು ಅದರಲ್ಲಿ. ಅವು ಇರಬೇಕಾದ ಜಾಗದಲ್ಲಿ ಬರೀ ಕೊಂಡಿ ಇಟ್ಟಿದ್ದೇನೆ, ಯಜಮಾನರು ಹಿತ್ತಲಿನಲ್ಲಿದ್ದಾರೆ ಎಂದು ಮುಂಬಾಗಿಲಿನಲ್ಲಿ ಚೀಟಿ ಅಂಟಿಸಿದ ಹಾಗೆ. ಪ್ರೋಗ್ರಾಮು ಬಂದು ಚೀಟಿ ನೋಡಿ ಸಂಚಿಗೆ ಹೋಗುತ್ತದೆ. ಈ ಕೊಂಡಿಗಳನ್ನು ಕೈಯಲ್ಲೇ ಮಾಡಬಹುದು. ತುಂಬ ಇದ್ದರೆ ಸ್ಟೋ ಎಂಬ ಸಣ್ಣ ಉಪಕರಣ ಒಂದೇ ಸಲಕ್ಕೆ ಮಾಡಿಕೊಡುತ್ತದೆ.

ಸಂಚಿಗೆ ಗಿಟ್ ಹಾಕಿದ್ದೇನೆ. ಅದೂ ಟೊರ್ವಾಲ್ಡ್ಸ್ ಅವರದೇ, 2005ರದ್ದು. ಡೈರಿಗೆ ಹಾಲು ಹಾಕುವವರ ಪಾಸ್‌ಬುಕ್ ಇದೆಯಲ್ಲ, ಹಾಗೆ. ಯಾವತ್ತು ಏನು ಬದಲಾಯಿತು ಎಂದು ಒಂದು ಸಾಲು ಬರೆದು ಇಡುತ್ತದೆ, ಹಿಂದಿನದನ್ನು ಅಳಿಸುವುದಿಲ್ಲ. ಹೋದ ತಿಂಗಳು ಚೆನ್ನಾಗಿದ್ದ ಫಾಂಟು ಈ ತಿಂಗಳು ಕೆಟ್ಟರೆ ಹೋದ ತಿಂಗಳಿಗೆ ವಾಪಸ್ ಹೋಗಬಹುದು. ಆ ಗುಣವೇ ಅಪಾಯವೂ ಹೌದು. ಒಂದು ಸಲ ಪಾಸ್‌ವರ್ಡ್ ಒಳಗೆ ಹೋಯಿತೆಂದರೆ, ಆಮೇಲೆ ತೆಗೆದರೂ ಹಳೆಯ ಪುಟದಲ್ಲಿ ಇದ್ದೇ ಇರುತ್ತದೆ. ಅದಕ್ಕೇ ನನ್ನ ಸಂಚಿಯೊಳಗೆ ಫೈರ್‌ಫಾಕ್ಸ್ ಇಲ್ಲ, ಮೇಲ್ ಇಲ್ಲ, ಎಸ್‌ಎಸ್‌ಎಚ್ ಕೀಲಿ ಇಲ್ಲ. 'ಕ್ಯಾಶ್' ಎಂಬ ಚುಕ್ಕಿ ಫೋಲ್ಡರ್ ಬರೀ ಕಸ, ಅದನ್ನೂ ಬಿಟ್ಟಿದ್ದೇನೆ. ಪೂರ್ತಿ ಮನೆ ಫೋಲ್ಡರನ್ನೇ ಎತ್ತಿ ಪೆನ್‌ಡ್ರೈವಿಗೆ ಹಾಕಿಬಿಡಿ ಎಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೇಕಾದ್ದು ಯಾವುದು, ಗುಟ್ಟು ಯಾವುದು, ಕಸ ಯಾವುದು ಎಂದು ಬೇರೆ ಮಾಡುವುದೇ ಇಲ್ಲಿ ಮುಖ್ಯ ಕೆಲಸ.

ಸಂಚಿಯಲ್ಲಿ ಇರುವುದಾದರೂ ಏನು? ಕನ್ನಡಕ್ಕೆ ಮೊದಲು ಗುಬ್ಬಿ, ಅದಿಲ್ಲದಿದ್ದರೆ ಲೋಹಿತ್ ಫಾಂಟ್ ತೋರಿಸು ಎನ್ನುವ ಫಾಂಟಿನ ಫೈಲು. ಟರ್ಮಿನಲ್‌ನ ಬ್ಯಾಶ್‌ಆರ್‌ಸಿ. ಅದರಲ್ಲಿ ಒಂದು ಸಾಲು ನನಗೆ ತುಂಬ ಪ್ರೀತಿಯದು, ಕ್ಯಾಮೆರಾದ ಹತ್ತು ಎಂಬಿ ಫೋಟೊಗಳನ್ನೆಲ್ಲ ಒಂದೇ ಆಜ್ಞೆಗೆ ಕುಗ್ಗಿಸುತ್ತದೆ. ಸಂಗಮದ ಕಡೆ ಹೋದಾಗ ಸಿಗ್ನಲ್ ಒಂದು ಕಡ್ಡಿ ಬಂದರೂ ಫೋಟೊ ಕಳಿಸಬಹುದು. ಆಮೇಲೆ ಕೀಲಿಮಣೆಯದು. ಕೆಜಿಪಿಯ ಫೈಲನ್ನು ಎಂ17ಎನ್ ಎಂಬ ಚುಕ್ಕಿ ಫೋಲ್ಡರಿಗೆ ನಕಲು ಮಾಡಿ, ಬೇರೆ ಹೆಸರು ಕೊಟ್ಟು, ಒಂದು ಸಾಲು ಸೇರಿಸಿದ್ದೇನೆ. ಅದು ರ‍್ಯಾಲಿಗಾಗಿ. ನೇರವಾಗಿ ಹೊಡೆದರೆ 'ರ್ಯಾಲಿ' ಎಂದು ಅರ್ಕಾವೊತ್ತು ಬಂದು ಕೂರುತ್ತದೆ. 'ರ‍್ಯಾಲಿ' ಎಂದು ಬರಬೇಕಾದರೆ ರಕಾರದ ಹಿಂದೆಯೇ ಕಣ್ಣಿಗೆ ಕಾಣದ ಒಂದು ಜೋಡಕ್ಷರದ ಗುರುತು ಹಾಕಬೇಕು. ಚುನಾವಣೆ ಬಂದರೆ ದಿನಕ್ಕೆ ಎಷ್ಟು ರ‍್ಯಾಲಿ ಬರೆಯಬೇಕು ಲೆಕ್ಕ ಹಾಕಿ! ಈಗ ಒಂದೇ ಕೀಲಿ.

ಪೆನ್‌ಡ್ರೈವಿಗೆ ಹಾಕುವವರಿಗೆ ಒಂದು ಮಾತು. ಅಂಗಡಿಯಿಂದ ತಂದ ಪೆನ್‌ಡ್ರೈವಿನಲ್ಲಿ ಸಾಮಾನ್ಯವಾಗಿ ಕೊಂಡಿಗಳು ಉಳಿಯುವುದಿಲ್ಲ, ಅದರ ಒಳಗಿನ ಏರ್ಪಾಡು ವಿಂಡೋಸ್‌ಗೆ ಹೊಂದುವಂಥದ್ದು. ಸಂಚಿಯನ್ನು ಟಾರ್ ಎಂಬುದರಲ್ಲಿ ಒಂದೇ ಗಂಟು ಕಟ್ಟಿ ಹಾಕಿ. ನನ್ನದೊಂದು ಗಂಟು ಮನೆಯಲ್ಲಿ, ಇನ್ನೊಂದು ಗೆಳೆಯನ ಮನೆಯಲ್ಲಿ ಇದೆ.

ಲಿನಕ್ಸ್ ಹುಡುಗರಲ್ಲಿ ಒಂದು ಗೀಳಿದೆ, ತಮ್ಮ ಚುಕ್ಕಿ ಫೈಲುಗಳನ್ನು ಇಂಟರ್ನೆಟ್ಟಿಗೆ ಹಾಕಿ ನನ್ನ ಸ್ಕ್ರೀನ್ ನೋಡಿ ಹೇಗಿದೆ ಎನ್ನುವುದು. ಹಾಕಲಿ, ಚೆಂದವೇ. ಅದನ್ನು ಇಡೀ ಇಳಿಸಿಕೊಂಡು ತಮ್ಮ ಕಂಪ್ಯೂಟರಿಗೆ ಸುರಿದುಕೊಳ್ಳುವವರನ್ನು ಕಂಡರೆ ಮಾತ್ರ ನಗು ಬರುತ್ತದೆ. ಪಕ್ಕದವನು ಹಿಪ್ಪುನೇರಳೆಗೆ ಹಾಕಿದ ಗೊಬ್ಬರದ ಲೆಕ್ಕವನ್ನು ರಾಗಿ ಹೊಲಕ್ಕೆ ಹಾಕಿದ ಹಾಗೆ ಅದು. ಒಂದೊಂದು ಸಾಲನ್ನೂ ಅರ್ಥ ಮಾಡಿಕೊಂಡು ತಗೊಂಡರೆ ಪಾಠ. ಕನ್ನಡದಲ್ಲಿ ಇಂಥದ್ದನ್ನು ಓದಿ ತಿಳಿಯಲು ಓಂಶಿವಪ್ರಕಾಶ್ ಅವರ 'ಲಿನಕ್ಸಾಯಣ' ಇದೆ, ನಾನು ಶುರು ಮಾಡಿದ್ದು ಅಲ್ಲಿಂದ.

ಅಕ್ಕನ ಪಟ್ಟಿ ಈಗ ನನ್ನ ಸಂಚಿಯಲ್ಲಿದೆ. ಜಿಪ್ ಗಂಟಿನಿಂದ ಬಿಡಿಸಿ ಸಾದಾ ಅಕ್ಷರದ ಫೈಲು ಮಾಡಿದ್ದೇನೆ, ಹಾಗಿದ್ದರೆ ಗಿಟ್‌ಗೆ ಸಾಲು ಸಾಲಾಗಿ ಬದಲಾವಣೆ ಗೊತ್ತಾಗುತ್ತದೆ. ನಮ್ಮ ಗೆಳೆಯರಲ್ಲಿ ಮೂವರು ಅದನ್ನು ತಗೊಂಡು ತಮ್ಮ ತಮ್ಮ ಹೋಬಳಿಯ ಊರುಗಳನ್ನು ಸೇರಿಸುತ್ತಿದ್ದಾರೆ. ಮರಳವಾಡಿ ಕಡೆಯದು ಅಕ್ಕನಲ್ಲಿ ಕಮ್ಮಿ ಇತ್ತು, ಅದು ಈಗ ತುಂಬುತ್ತಿದೆ. ಸೇರಿಸುವ ನಿಯಮ ಅಕ್ಕನದೇ, ದಾಖಲೆ ಕಣ್ಣಲ್ಲಿ ನೋಡದೆ ಹೆಸರು ಹಾಕುವಂತಿಲ್ಲ, ಜನರ ಹೆಸರು ಹಾಕುವಂತಿಲ್ಲ.

ದೊಡ್ಡಿಗಳದೇ ತಲೆನೋವು. ಒಂದು ಊರಿಗೆ ಬಸ್ ನಿಲ್ದಾಣದ ಬೋರ್ಡಿನಲ್ಲಿ ಒಂದು ಹೆಸರು, ಶಾಲೆಯ ಗೋಡೆಯ ಮೇಲೆ ಇನ್ನೊಂದು, ಪಹಣಿಯಲ್ಲಿ ಮೂರನೆಯದು. ಊರಿನವರು ಬೋರ್ಡಿನದೇ ಸರಿ ಅನ್ನುತ್ತಾರೆ. ಫೋನ್ ಮಾಡಿ ಕೇಳಿದರೆ ಅಕ್ಕ, "ಅರ್ಜಿಗೆ ಪಹಣೀದು, ಪೇಪರ್‌ಗೆ ಊರ್ನೋರು ಅನ್ನೋದು, ಎರಡಕ್ಕೂ ಬ್ಯಾರೆ ಬ್ಯಾರೆ ಚುಟುಕು ಮಾಡು" ಅಂದರು. ಇಂಥ ಹದಿನಾಲ್ಕು ಊರುಗಳನ್ನು 'ಅನುಮಾನ' ಎಂಬ ಬೇರೆ ಫೈಲಿನಲ್ಲಿ ಇಟ್ಟಿದ್ದೇನೆ. ನಿಮ್ಮದು ಕನಕಪುರ, ಹಾರೋಹಳ್ಳಿ ಕಡೆಯ ದೊಡ್ಡಿಯಾದರೆ, ನಿಮ್ಮ ಪಹಣಿ ತೆಗೆದು ಊರಿನ ಹೆಸರು ಹೇಗಿದೆ ನೋಡಿ ಕೆಳಗೆ ಬರೆಯಿರಿ. ಊರಿನ ಹೆಸರಷ್ಟೇ ಸಾಕು, ಸರ್ವೆ ನಂಬರು ಬೇಡ.